ಡಾಕ್ಟ್ರಕ್ಕನ ಹಸೆಮಣೆ

ಎದುರುಮನೆಯ ಡಾಕ್ಟ್ರಕ್ಕ ಎಷ್ಟು ಕುಳ್ಳಿಯೆಂದರೆ, ನಮ್ಮ ಬಾಗಿಲ ಚಿಲಕ ತಟ್ಟಬೇಕಾದರೆ ಹಾರಬೇಕಿತ್ತು. ಕೈಗಳೋ, ಬಳೆಗಾರ ತೊಟ್ಟಿಲ ಕೂಸಿನ ಬಳೆ ತೆಗೆಯುವಷ್ಟು ಪುಟ್ಟವು. ಅದೇ ಕೈಯಲ್ಲಿ ಹಲಸಿನಹಣ್ಣು ಸೀಳಿ, ಒಂದು ತೊಳೆಗೂ ಗಾಯವಾಗದಂತೆ ಬಿಡಿಸುತ್ತಿದ್ದಳು.

ಬೋಗಾದಿಯ ಹೊಲದಿಂದ ಬಂದ ಅವಳಿಗೆ ಆಪರೇಷನ್ ಕಲಿಯುವ ಹಠ. ಆದರೆ ಆಸ್ಪತ್ರೆಯ ಟೇಬಲ್ಲು ದೊಡ್ಡ ಡಾಕ್ಟರ ಎತ್ತರಕ್ಕೇ ನಿಲ್ಲಬೇಕು. ಅವರೋ ತೆಂಗಿನಮರ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷಗಳಾದರೂ ಆ ಟೇಬಲ್ಲು ಮಾತ್ರ ಕೆಳಗಿಳಿದಿರಲಿಲ್ಲ. ಜೊತೆಯ ಗಂಡಸರೆಲ್ಲ ಚಾಕು ಹಿಡಿದರೆ, ಅಕ್ಕನಿಗೆ ಗಾಯ ಅಗಲಿಸುವ ಕೊಕ್ಕೆ ಹಿಡಿದು ನಿಲ್ಲುವ ಕೆಲಸ. "ಎಟುಕದವರಿಗೆ ಹೆರಿಗೆ ವಾರ್ಡ್ ಇದೆಯಲ್ಲಮ್ಮ" ಎನ್ನುತ್ತಿದ್ದರಂತೆ ದೊಡ್ಡ ಡಾಕ್ಟರು. ಮನೆಗೆ ಬಂದರೆ, ಮಗಳ ಮದುವೆಗೆಂದು ಮಾಡಿಸಿಟ್ಟ ಹಸೆಮಣೆಯನ್ನು ತಾಯಿ ದಿನಾ ಒರೆಸುತ್ತ ಕೂತಿರುತ್ತಿದ್ದರು.

ಅಷ್ಟರಲ್ಲಿ, ಸ್ಕೂಲು ಹುಡುಗನಾಗಿದ್ದ ನನ್ನ ಅಪೆಂಡಿಕ್ಸ್ ಕುಂಬಳಕಾಯಿಯಷ್ಟು ಊದಿಕೊಂಡಿತು. ಅದೇ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗೆ ಮರಗಟ್ಟಿಸಿ, ಆನೆಗೆ ಅಂಬಾರಿ ಬಿಗಿದಂತೆ ಟೇಬಲ್ಲಿಗೆ ಬಿಗಿದರು. ಮುಖದ ಮುಂದೆ ಬಟ್ಟೆಯ ತೆರೆ. ಓಡಲು ಕಾಲಿಲ್ಲ, ಉಳಿದದ್ದು ಕಿವಿ ಮಾತ್ರ.

ನೆಲದ ಮೇಲೆ ಏನನ್ನೋ ಇಟ್ಟ ಸದ್ದಾಯಿತು.

"ಏನಮ್ಮ ಇದು?" ಎಂದರು ದೊಡ್ಡ ಡಾಕ್ಟರು.

"ಮಣೆ ಸಾರ್. ಔಷಧಿ ನೀರಲ್ಲಿ ತೊಳ್ದಿದೀನಿ. ಇದ್ರ ಮೇಲೆ ನಿಂತ್ರೆ ಎಟುಕ್ತದೆ. ಇವತ್ತು ನಂಗೆ ಚಾಕು ಕೊಡಿ."

"ಹಸೆಮಣೆ! ಗಂಡೆಲ್ಲಮ್ಮ?"

ಎಲ್ಲರೂ ನಕ್ಕರು.

"ಮಲಗವ್ನಲ್ಲ ಸಾರ್, ಓಡೋಗ್ದಂಗೆ ಕಟ್ಟಾಕಿದೀವಿ."

ದೊಡ್ಡ ಡಾಕ್ಟರು ಚಾಕುವಿನ ತಟ್ಟೆಯನ್ನು ಠಣ್ಣನೆ ಅವಳತ್ತ ತಳ್ಳಿದರು. "ಸರಿ. ಕೈ ನಡುಗಿದರೆ ನಾಳೆಯಿಂದ ಹೆರಿಗೆ ವಾರ್ಡು. ಮತ್ತೆ ಈ ಕಡೆ ಬರುವಂತಿಲ್ಲ."

ತೆರೆಯ ಈಚೆಯಿಂದ ನಾನು ಕಿರುಚಿದೆ. "ಅಕ್ಕಾ, ಬುಟ್ಬುಡಕ್ಕ, ನಂಗೆ ವಾಸಿಯಾಗೋಯ್ತು!"

"ಸುಮ್ಕಿರ‍್ಲಾ. ನೀನೂ ಅಲ್ಲಾಡಂಗಿಲ್ಲ, ನಾನೂ ಇಳಿಯಂಗಿಲ್ಲ."

ಆಮೇಲೆ ಆಗಾಗ ಮಣೆ ಮಾತ್ರ ಕಿರುಗುಟ್ಟುತ್ತಿತ್ತು. ಒಂದು ಯುಗ ಕಳೆದ ಮೇಲೆ ದೊಡ್ಡ ಡಾಕ್ಟರ ದನಿ ಕೇಳಿತು: "ಆ ಮಣೇನ ತೊಳೆದು ಇಲ್ಲೇ ಇಡ್ರಪ್ಪ."

ಮುಂದಿನ ವಾರವೇ ಅಕ್ಕನ ತಾಯಿ, "ಗಂಡಿನ ಕಡೆಯವ್ರು ಬರ್ತಾವ್ರೆ, ಮಣೆ ತಂದ್ಕೊಡವ್ವ" ಎಂದರು.

"ಅದು ಖಾಲಿ ಇಲ್ಲ ಕಣವ್ವ" ಎಂದಳು ಅಕ್ಕ.

ಇತ್ತ ನಾನು, ಹೊಟ್ಟೆಯ ಮೇಲೆ ಮೊಳದುದ್ದ ಗಾಯವಿದೆಯೆಂದು ಸ್ಕೂಲಿಗೆಲ್ಲ ಸಾರಿ, ಅಂಗಿ ಎತ್ತಿ ತೋರಿಸಿದೆ. ಹುಡುಗರು ಬಗ್ಗಿ ಬಗ್ಗಿ ಹುಡುಕಿದರು. ಕಿರುಬೆರಳಷ್ಟೂ ಇಲ್ಲ! ನನ್ನ ಕತೆಗಳಲ್ಲಿ ಅದೊಂದನ್ನು ಮಾತ್ರ ಹಿಗ್ಗಿಸಲಾಗದಂತೆ ಹೊಲಿದುಬಿಟ್ಟಿದ್ದಳು ಅಕ್ಕ.