ಬರೆಯದೆ ಬಿಟ್ಟ ಹುಗ್ಗಿ

ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಮಾತ್ರೆ ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರಾಯಿತು. ಆಗಲೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಐವತ್ತು ದಾಟಿದ ಹೆಂಗಸರ ಪೈಕಿ ಮಾತ್ರೆ ನುಂಗದವರು ಯಾರಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ಆದರೆ ಹೋದ ವರ್ಷ ಕಾರ್ತಿಕ ಮಾಸದಲ್ಲಿ ವಿಜಯನಗರದ ನಮ್ಮ ಡಾಕ್ಟರಮ್ಮ ರಿಪೋರ್ಟಿನ ಮೇಲೆ ಪೆನ್ನಿನಿಂದ ಒಂದು ಸುತ್ತು ಹಾಕಿ ನನ್ನ ಮುಖ ನೋಡಿದರು.

"ಅಮ್ಮ, ಇನ್ನು ಮಾತ್ರೆ ಜಾಸ್ತಿ ಮಾಡಕ್ಕೆ ಜಾಗ ಇಲ್ಲ. ಮೂರು ತಿಂಗಳು ಟೈಮ್ ಕೊಡ್ತೀನಿ. ಊಟ ಬದಲಾಯಿಸಿ, ದಿನಾ ನಡೀರಿ. ಇಳೀಲಿಲ್ಲ ಅಂದ್ರೆ ಇಂಜೆಕ್ಷನ್ ಶುರು ಮಾಡಲೇಬೇಕು."

ನನ್ನ ತಾಯಿ ಇಂಜೆಕ್ಷನ್ ಶುರುಮಾಡಿದ ಎರಡು ವರ್ಷಕ್ಕೆ ಕಣ್ಣು ಕಳೆದುಕೊಂಡರು. ಕೊನೆಕೊನೆಗೆ ದೇವರ ಮನೆಯ ಮುಂದೆ ಕೂತು, "ದೀಪ ಉರೀತಿದ್ಯೇನೇ?" ಎಂದು ಕೇಳುತ್ತಿದ್ದರು. ನಾನು ಅವರ ಕೈ ಹಿಡಿದು, ಬಿಸಿ ತಾಗುವಷ್ಟು ಹತ್ತಿರಕ್ಕೆ ಒಯ್ಯುತ್ತಿದ್ದೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಇಂಜೆಕ್ಷನ್ ಎಂದರೆ ಕತ್ತಲೆ ಎಂದೇ ಕೂತುಬಿಟ್ಟಿತ್ತು. ಡಾಕ್ಟರಮ್ಮನಿಗೆ ಇದನ್ನು ಹೇಳಲಿಲ್ಲ. "ಮಾಡ್ತೀನಿ ಮೇಡಂ, ಎಲ್ಲಾ ಮಾಡ್ತೀನಿ" ಎಂದಷ್ಟೇ ಹೇಳಿ ಎದ್ದೆ. ಬಾಗಿಲ ಹತ್ತಿರ ಹೋದಾಗ ಅವರು ಕರೆದು, ಬಾಯಿಗೆ ಹೋಗಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು, ಮುಂದಿನ ಸಲ ತರಬೇಕು ಎಂದರು.

ನೂರು ಪುಟದ ನೋಟ್‌ಬುಕ್ ತಂದು, ಮೊದಲ ಪುಟದ ಮೇಲೆ 'ಶ್ರೀ' ಎಂದು ಬರೆದು ಶುರುಮಾಡಿದೆ.

ಮಾರನೆಯ ದಿನವೇ ಎದುರು ಮನೆಯವರ ಜೊತೆ ನಡೆಯಲು ಹೊರಟೆ. ಅವರು ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಆದರೂ ನಾನು ಬೀದಿಯ ಕೊನೆ ಮುಟ್ಟುವುದರೊಳಗೆ ಅವರು ಪಾರ್ಕಿನ ಗೇಟಿನಲ್ಲಿ ನಿಂತಿದ್ದರು.

"ಬನ್ರೀ, ಬನ್ನಿ. ಹುಡುಗಿ ನೋಡಕ್ಕೆ ಬಂದಿರೋರ ಮುಂದೆ ಬಂದಂಗೆ ಬರ್ತಿದೀರಲ್ಲ!"

"ನಿಮ್ಮ ಕಾಲಿಗೇನು ಚಕ್ರ ಕಟ್ಕೊಂಡಿದೀರಾ? ಸ್ವಲ್ಪ ನಿಲ್ರಿ, ಉಸಿರು ತಗೋತೀನಿ."

ಮೊದಲ ವಾರ ಪಾರ್ಕಿನ ಒಂದು ಸುತ್ತಿಗೆ ಎರಡು ಕಡೆ ಬೆಂಚಿನ ಮೇಲೆ ಕೂರುತ್ತಿದ್ದೆ. ಎರಡನೆಯ ವಾರ ಒಂದು ಕಡೆ. ತಿಂಗಳು ತುಂಬುವ ಹೊತ್ತಿಗೆ ಮೂರು ಸುತ್ತು ನಡೆದು, ಅಲ್ಲಿಂದ ಈಶ್ವರನ ಗುಡಿಗೆ ಹೋಗಿ, ಪ್ರದಕ್ಷಿಣೆ ಹಾಕಿ, ಮಂಗಳಾರತಿ ತೆಗೆದುಕೊಂಡು ಮನೆಗೆ ಬರುವಷ್ಟಾದೆ. ಮೊದಲೆಲ್ಲ ಸೋಮವಾರ ಮಾತ್ರ ಗುಡಿಗೆ ಹೋಗುತ್ತಿದ್ದವಳು. ಈಗ ದಿನವೂ ಸ್ವಾಮಿಯ ದರ್ಶನ. ಕಾಯಿಲೆ ಕೊಟ್ಟು ಈ ಭಾಗ್ಯವನ್ನೂ ಕೊಟ್ಟನಲ್ಲ ಎಂದು ಕೈ ಮುಗಿಯುತ್ತಿದ್ದೆ.

ಮನೆಯ ಅಡುಗೆಯೂ ಬದಲಾಯಿತು. ಮಧ್ಯಾಹ್ನದ ಅನ್ನ ಅರ್ಧಕ್ಕಿಳಿಯಿತು. ರಾತ್ರಿ ಒಂದು ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು. ಊಟಕ್ಕೆ ಮೊದಲು ಒಂದು ಬಟ್ಟಲು ಸೌತೆಕಾಯಿ ಇಲ್ಲವೇ ಹೆಸರುಬೇಳೆ ಕೋಸಂಬರಿ. ಕಾಫಿಗೆ ಸಕ್ಕರೆ ಬಿಟ್ಟ ಮೊದಲ ಮೂರು ದಿನ ಕಷಾಯ ಕುಡಿದಂತಾಯಿತು, ನಾಲ್ಕನೆಯ ದಿನ ಕಾಫಿಪುಡಿಯ ರುಚಿ ಎಂದರೇನೆಂದು ಗೊತ್ತಾಯಿತು. ನಮ್ಮ ಯಜಮಾನರು ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರು ಒಂದು ದಿನ ತಟ್ಟೆ ನೋಡಿ, "ಏನೇ ಇದು, ನಿನ್ನೆ ದಂಟು, ಇವತ್ತು ಹರಿವೆ. ನಾನೇನು ಹಸುನಾ?" ಎಂದರು.

"ಹಸು ಆಗಿದ್ರೆ ಹಾಲಾದ್ರೂ ಕೊಡ್ತಿದ್ರಿ. ಸುಮ್ನೆ ತಿನ್ರಿ."

ಪುಸ್ತಕದಲ್ಲಿ ಎಲ್ಲವನ್ನೂ ಬರೆದೆ. ಎರಡು ಇಡ್ಲಿ ಎಂದರೆ ಎರಡೇ. ನೆಂಟರ ಮನೆಯ ಗೃಹಪ್ರವೇಶದಲ್ಲಿ ತಿಂದ ಅರ್ಧ ಹೋಳಿಗೆಯನ್ನೂ ನಾಚಿಕೊಂಡೇ ಬರೆದೆ. ರವಿಕೆಯ ತೋಳು ಸಡಿಲವಾಯಿತು. ಸೊಪ್ಪಿನ ಗಾಡಿಯವಳು, "ಏನಮ್ಮೋ, ಇಳ್ದೋಗಿದೀಯಾ, ಹುಷಾರಾಗಿದೀಯ ತಾನೇ?" ಎಂದು ಕೇಳಿದ ದಿನ ನನಗೆ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಧನುರ್ಮಾಸ ಬಂತು. ಮಾಸವಿಡೀ ಸೂರ್ಯ ಹುಟ್ಟುವ ಮೊದಲು ಗುಡಿಯಲ್ಲಿ ಪೂಜೆ. ನಾವಿಬ್ಬರೂ ತಲೆಗೆ ಟವೆಲ್ ಸುತ್ತಿಕೊಂಡು, ಆ ಚಳಿಯಲ್ಲೂ ಒಂದು ದಿನವೂ ತಪ್ಪಿಸಲಿಲ್ಲ.

ಮಾಘದಲ್ಲಿ ಮೂರು ತಿಂಗಳ ರಕ್ತ ಪರೀಕ್ಷೆಯಾಯಿತು. ಯಜಮಾನರೂ ನಾನೂ ಡಾಕ್ಟರಮ್ಮನ ಮುಂದೆ ಹೋಗಿ ಕೂತೆವು. ಅವರು ರಿಪೋರ್ಟ್ ನೋಡಿದರು, ಪುಸ್ತಕ ನೋಡಿದರು, ಮತ್ತೆ ರಿಪೋರ್ಟ್ ನೋಡಿದರು.

"ತೂಕ ಸ್ವಲ್ಪ ಇಳಿದಿದೆ, ಸರಿ. ಆದ್ರೆ ಶುಗರ್ ಇಳಿದಿಲ್ಲಮ್ಮ. ಹೋದ ಸಲಕ್ಕಿಂತ ಒಂಚೂರು ಏರಿದೆ. ಈ ಪುಸ್ತಕದಲ್ಲಿರೋದಷ್ಟೇ ತಿಂದು, ಇಷ್ಟು ನಡೆದ್ರೆ ಹೀಗೆ ಬರಕ್ಕೆ ಸಾಧ್ಯ ಇಲ್ಲ. ನಿಜ ಹೇಳಿ, ಇನ್ನೇನು ತಿಂತೀರಿ?"

ನನಗೆ ಕಣ್ಣಲ್ಲಿ ನೀರೇ ಬಂತು. ನಾನು ಸುಳ್ಳು ಹೇಳುವವಳಲ್ಲ. ಅದೊಂದನ್ನು ನನ್ನ ಆಸ್ತಿ ಎಂದು ನಂಬಿಕೊಂಡು ಬದುಕಿದವಳು. "ದೇವರಾಣೆ ಮೇಡಂ, ಬರೆದಿರೋದು ಬಿಟ್ಟು ಒಂದು ಅಗಳೂ ತಿಂದಿಲ್ಲ" ಎಂದೆ.

ಡಾಕ್ಟರಮ್ಮ ನನಗಿಂತ ಚಿಕ್ಕವರು, ಒಳ್ಳೆಯವರು. ಜೋರು ಮಾಡಲಿಲ್ಲ. ಪೆನ್ನು ಕೈಗೆತ್ತಿಕೊಂಡು, "ಆಯ್ತು. ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ಒಂದೊಂದೇ ಹೇಳ್ತಾ ಹೋಗಿ" ಎಂದರು.

"ಏಳ್ತೀನಿ, ಸ್ನಾನ, ದೀಪ ಹಚ್ತೀನಿ. ಪಾರ್ಕಲ್ಲಿ ಮೂರು ಸುತ್ತು. ಆಮೇಲೆ ಗುಡಿ. ಪ್ರದಕ್ಷಿಣೆ, ಮಂಗಳಾರತಿ, ತೀರ್ಥ, ಪ್ರಸಾದ. ಆಮೇಲೆ ಮನೆಗೆ ಬಂದು..."

ಪೆನ್ನು ನಿಂತಿತು. "ಪ್ರಸಾದ ಅಂದ್ರೆ?"

"ಈಗ ಧನುರ್ಮಾಸ ಇತ್ತಲ್ಲ, ದಿನಾ ಹುಗ್ಗಿ. ಸಿಹಿದೂ ಮಾಡ್ತಾರೆ, ಖಾರದ್ದೂ ಮಾಡ್ತಾರೆ. ಬೇರೆ ದಿನ ಸಜ್ಜಿಗೆ, ಪುಳಿಯೋಗರೆ, ಏನು ಸೇವೆ ಇರತ್ತೋ ಅದು."

"ಎಷ್ಟು ತಿಂತೀರಿ?"

"ಒಂದು ದೊನ್ನೆ." ಸ್ವಲ್ಪ ಯೋಚಿಸಿ, ನಿಜವನ್ನೇ ಹೇಳಬೇಕಲ್ಲ ಎಂದು, "ಎರಡು. ಎದುರು ಮನೆಯವರು ತಮ್ಮದನ್ನೂ ನನಗೇ ಕೊಡ್ತಾರೆ, ಅವರಿಗೆ ತುಪ್ಪ ಆಗಲ್ಲ. ಪ್ರಸಾದ ಬಿಸಾಡಬಾರದಲ್ಲ" ಎಂದೆ.

"ಮತ್ತೆ ಇದರಲ್ಲಿ ಯಾಕೆ ಬರ್ದಿಲ್ಲ?"

"ಊಟ ಬರೀರಿ ಅಂದಿದ್ರಿ. ಅದು ಪ್ರಸಾದ ಅಲ್ವಾ?"

ಪಕ್ಕದಲ್ಲಿ ಯಜಮಾನರು ಕೆಮ್ಮಿದಂತೆ ಮಾಡಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ಮನಸ್ಸಿಗೆ ಅದು ಪ್ರಸಾದ ಅಮ್ಮ. ಹೊಟ್ಟೆಗೆ ಅದು ಅಕ್ಕಿ, ಬೆಲ್ಲ, ತುಪ್ಪ" ಎಂದರು. ಇನ್ನು ಮೂರೇ ತಿಂಗಳು, ಆಮೇಲೆ ಯಾವ ಮಾತೂ ಕೇಳುವುದಿಲ್ಲ ಎಂದು ಹೇಳಿ ಕಳಿಸಿದರು.

ಆಟೋದಲ್ಲಿ ಯಜಮಾನರು ತಡೆಯಲಾರದೆ ನಕ್ಕರು. "ನಡೆದೂ ನಡೆದೂ ಹುಗ್ಗಿ ಹತ್ರ ಹೋಗಿದೀಯಲ್ಲೇ! ಮನೇಲೇ ಮಲಗಿದ್ರೆ ಶುಗರ್ ಇಳೀತಿತ್ತು." ಮಾಗಡಿ ರಸ್ತೆ ದಾಟುವವರೆಗೂ ನಾನು ಅವರ ಕಡೆ ತಿರುಗಲಿಲ್ಲ. ನನಗೆ ನಗು ಬರಲಿಲ್ಲ. ದೇವರಾಣೆ ಎಂದುಬಿಟ್ಟಿದ್ದೆನಲ್ಲ, ಅದು ಚುಚ್ಚುತ್ತಿತ್ತು. ಬಾಯಿಂದ ಬಂದ ಮಾತಷ್ಟೇ ಸುಳ್ಳೋ ನಿಜವೋ ಆಗುತ್ತದೆ ಎಂದುಕೊಂಡಿದ್ದೆ. ಬಿಟ್ಟುಬಿಟ್ಟದ್ದೂ ಸುಳ್ಳಾಗಬಹುದೆಂದು ಐವತ್ತೆರಡು ವರ್ಷಕ್ಕೆ ತಿಳಿಯಿತು.

ಮಾರನೆಯ ದಿನದಿಂದ ಗುಡಿಗೆ ಹೋಗುವುದನ್ನೇ ನಿಲ್ಲಿಸಿದೆ. ಕೈಗೆ ಬಂದ ಪ್ರಸಾದವನ್ನು ಬೇಡ ಎನ್ನುವ ಧೈರ್ಯ ನನಗಿಲ್ಲ. ಹೋಗದಿದ್ದರೆ ಬೇಡ ಎನ್ನುವ ಪ್ರಶ್ನೆಯೇ ಇಲ್ಲವಲ್ಲ. ಪಾರ್ಕಿನಲ್ಲಿ ಐದು ಸುತ್ತು ನಡೆದು ನೇರ ಮನೆಗೆ. ಎದುರು ಮನೆಯವರು, "ಏನ್ರೀ, ಸ್ವಾಮಿ ಜೊತೆ ಟೂ ಬಿಟ್ಟಿದೀರಾ?" ಎಂದು ಛೇಡಿಸಿದರು. ಗುಡಿಯ ಗಂಟೆ ಪಾರ್ಕಿಗೆ ಕೇಳಿಸುತ್ತಿತ್ತು. ಆ ಹೊತ್ತಿಗೆ ನಾನು ಬೇಕೆಂದೇ ಅವರ ಹತ್ತಿರ ಏನಾದರೂ ಮಾತು ತೆಗೆಯುತ್ತಿದ್ದೆ. ಒಂಬತ್ತು ದಿನ ಹೀಗಾಯಿತು. ಮೈ ಹಗುರವಿತ್ತು, ದಿನ ಮಾತ್ರ ಒಗ್ಗರಣೆ ಹಾಕದ ಸಾರಿನ ಹಾಗೆ.

ಹತ್ತನೆಯ ದಿನ ಹೂವು ಮಾರುವವಳ ಬುಟ್ಟಿಯ ಮುಂದೆ ಗುಡಿಯ ಅರ್ಚಕರು ಸಿಕ್ಕರು. ವಯಸ್ಸಾದವರು, ಮಾತು ಒರಟು.

"ಏನಮ್ಮ, ಕಾಣಿಸ್ತಾನೇ ಇಲ್ಲ? ಊರಿಗೆ ಹೋಗಿದ್ರಾ?"

ಸುಳ್ಳು ಹೇಳಬಾರದೆಂದು ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಹೂವಿನವಳೂ ಮೊಳ ಹಾಕುವುದನ್ನು ಬಿಟ್ಟು ಕೇಳುತ್ತಿದ್ದಳು.

"ತೀರ್ಥ ಎಷ್ಟು ತಗೋತೀರಮ್ಮ?" ಎಂದರು ಅರ್ಚಕರು.

"ಒಂದು ಉದ್ಧರಣೆ. ಎಲ್ಲರ ಹಾಗೆ."

"ಸಾಕಾಗಲ್ಲ ಅಂತ ಯಾವತ್ತಾದ್ರೂ ಬಿಂದಿಗೆ ತಂದಿದೀರಾ?"

"ಅಯ್ಯೋ, ಇಲ್ಲ ಸ್ವಾಮಿ."

"ಒಂದು ಚಮಚ ನೀರಲ್ಲಿ ಪುಣ್ಯ ಬರತ್ತೆ ಅನ್ನೋದಾದ್ರೆ, ನಾಲ್ಕು ಅಗಳು ಹುಗ್ಗೀಲಿ ಬರಲ್ವಾ? ದೊನ್ನೆ ತುಂಬಾ ಹಾಕೋದು ನಾವು, ಹಸ್ಕೊಂಡು ಬರೋರು ಇರ್ತಾರೆ ಅಂತ. ಬೆಳಿಗ್ಗೆ ಹೊತ್ತು ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳಿಗೆ ಅದೇ ತಿಂಡಿ. ನಾಳೆ ಬನ್ನಿ, ಅಂಗೈ ಒಡ್ಡಿ. ದೊನ್ನೆ ಮುಟ್ಟಬೇಡಿ."

ಮಾರನೆಯ ದಿನ ಹೋದೆ. ಅವರು ನನ್ನ ಅಂಗೈಗೆ ಎಣಿಸಿದಂತೆ ಅಂದಿನ ಸೇವೆಯ ಸಿಹಿ ಹುಗ್ಗಿಯ ನಾಲ್ಕೈದು ಅಗಳು ಹಾಕಿದರು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಎರಡು ದೊನ್ನೆ ತಿನ್ನುವಾಗ ತುಪ್ಪ, ಗೋಡಂಬಿ ಎಲ್ಲ ತಿಳಿಯುತ್ತಿತ್ತು. ಪಚ್ಚಕರ್ಪೂರದ ಪರಿಮಳ ಮಾತ್ರ ಅಂದೇ ಮೊದಲ ಸಲ ತಿಳಿದಂತಾಯಿತು. ಕಂಬದ ಹತ್ತಿರ ಬ್ಯಾಗು ತಗುಲಿಸಿಕೊಂಡು ನಿಂತಿದ್ದ ಒಬ್ಬ ಹೆಣ್ಣುಮಗಳು ನನ್ನ ಪಾಲಿನ ದೊನ್ನೆ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ನಡೆಯುತ್ತಲೇ ತಿಂದಳು. ಇಷ್ಟು ದಿನ ಯಾರದೋ ತಿಂಡಿ ನಾನು ತಿನ್ನುತ್ತಿದ್ದೆನೋ ಏನೋ.

ಆ ದಿನ ಪುಸ್ತಕದಲ್ಲಿ ಮೊದಲ ಸಾಲಿಗೆ 'ಪ್ರಸಾದ, ಐದು ಅಗಳು' ಎಂದು ಬರೆದೆ. ಒಮ್ಮೆ ಅದನ್ನು ಬರೆದ ಮೇಲೆ ಬೇರೆಯವೂ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು. ಯಜಮಾನರ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ. ಪಾತ್ರೆ ತೊಳೆಯುವ ಮೊದಲು, ಅನ್ನ ಚೆಲ್ಲಬಾರದೆಂದು ತಳದಿಂದ ಕೆರೆದು ನಿಂತುಕೊಂಡೇ ಬಾಯಿಗೆ ಹಾಕಿಕೊಂಡ ಎರಡು ತುತ್ತು. ಸೋಮವಾರದ ಒಪ್ಪತ್ತಿನ ಸಂಜೆ ಉಪವಾಸವೆಂದು ತಿನ್ನುವ ಸಬ್ಬಕ್ಕಿ ಖಿಚಡಿ. ಅದು ಬೇರೆ ದಿನದ ಊಟಕ್ಕಿಂತ ಹೆಚ್ಚೇ ಇರುತ್ತಿತ್ತು. ನನ್ನ ಹೊಟ್ಟೆಗೆ ಹೋಗುವುದರಲ್ಲಿ ಅರ್ಧದಷ್ಟು ಊಟವೆಂದು ನಾನು ಒಪ್ಪಿಕೊಂಡೇ ಇರದ ಊಟ. ಸಬ್ಬಕ್ಕಿ ನಿಲ್ಲಿಸಿ ಸೋಮವಾರ ಒಂದು ಲೋಟ ಮಜ್ಜಿಗೆ, ಒಂದು ಸೀಬೆಕಾಯಿ ಎಂದು ಮಾಡಿಕೊಂಡೆ. ಅನ್ನವನ್ನು ಅಳತೆಗೆ ಮಾಡಿದೆ. ಉಳಿದರೆ ಮಾರನೆಯ ದಿನ ಯಜಮಾನರಿಗೆ ಚಿತ್ರಾನ್ನ. ಅವರು ಅದಕ್ಕೆ ತಕರಾರು ಮಾಡುವವರಲ್ಲ.

ಬರೆಯುತ್ತ ಕೂತಾಗ ಅಮ್ಮ ನೆನಪಾಗುತ್ತಿದ್ದರು. ಏಕಾದಶಿಯ ಅವಲಕ್ಕಿ, ದ್ವಾದಶಿಯ ಪಾಯಸ, ಪೂಜೆ ಮುಗಿದ ಮೇಲೆ ನೈವೇದ್ಯದ ಸಕ್ಕರೆ, ಬಾಳೆಹಣ್ಣು. "ನಾನೇನೂ ತಿನ್ನಲ್ಲ ಡಾಕ್ಟ್ರೇ" ಎಂದು ಅವರೂ ಹೇಳುತ್ತಿದ್ದರು. ಅವರೂ ಸುಳ್ಳು ಹೇಳುವವರಲ್ಲ. ಅವರನ್ನು ಬೆಳಗಿನಿಂದ ಏನೇನು ಮಾಡಿದಿರಿ ಎಂದು ಒಂದೊಂದಾಗಿ ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು. ನನಗೆ ಸಿಕ್ಕ ದಯೆಗಳಲ್ಲಿ ಇದು ದೊಡ್ಡದು ಎಂದುಕೊಳ್ಳುತ್ತೇನೆ.

ವೈಶಾಖದಲ್ಲಿ ಮತ್ತೆ ರಕ್ತ ಪರೀಕ್ಷೆ. ಈ ಸಲ ಯಜಮಾನರಿಗೆ ರಜೆ ಇದ್ದರೂ ಒಬ್ಬಳೇ ಹೋದೆ. ಏನು ಬಂದರೂ ಮೊದಲು ನಾನೇ ಕೇಳಿಸಿಕೊಳ್ಳಬೇಕು ಅನ್ನಿಸಿತ್ತು. ಡಾಕ್ಟರಮ್ಮ ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

"ಇಳಿದಿದೆ. ಪೂರ್ತಿ ಸರಿ ಅನ್ನಲ್ಲ. ಆದ್ರೆ ಚೆನ್ನಾಗಿ ಇಳಿದಿದೆ. ಈಗ ಇಂಜೆಕ್ಷನ್ ಬೇಡ."

ಕುರ್ಚಿಯ ತೋಳು ಹಿಡಿದುಕೊಂಡೆ. "ಈಗ ಅಂದ್ರೆ?"

"ಹೀಗೇ ನೋಡ್ಕೊಂಡ್ರೆ ವರ್ಷಗಟ್ಟಲೆ ಬೇಡದೇ ಇರಬಹುದು. ವಯಸ್ಸಾದ ಹಾಗೆ ಬೇಕಾಗಲೂಬಹುದು. ಅದು ನಿಮ್ಮ ತಪ್ಪಿಂದಾನೇ ಅಂತಲೂ ಅಲ್ಲ."

ಆಗ ಅಮ್ಮನ ವಿಷಯ ಹೇಳಿದೆ. ಕಣ್ಣು, ದೀಪ, ಎಲ್ಲ. ಇಷ್ಟು ವರ್ಷ ಅವರ ಮುಂದೆ ಹೇಳದೆ ಉಳಿಸಿಕೊಂಡಿದ್ದ ಕೊನೆಯದು ಅದೊಂದೇ. ಡಾಕ್ಟರಮ್ಮ ಪೂರ್ತಿ ಕೇಳಿದರು.

"ಇಂಜೆಕ್ಷನ್‌ನಿಂದ ಕಣ್ಣು ಹೋಗಲ್ಲ ಅಮ್ಮ. ಎಷ್ಟೋ ವರ್ಷ ಶುಗರ್ ಏರಿಯೇ ಇದ್ದು, ಇಂಜೆಕ್ಷನ್ ತಡವಾಗಿ ಶುರುವಾಗಿರತ್ತೆ. ಎರಡೂ ಒಟ್ಟಿಗೆ ಬಂದಿದ್ದಕ್ಕೆ ನಿಮಗೆ ಹಾಗೆ ಕಂಡಿದೆ."

ಮೇಜಿನ ಮೇಲಿದ್ದ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಆಮೇಲೆ, "ಅದು ಹೇಗಿರತ್ತೆ, ಒಂದ್ಸಲ ತೋರಿಸ್ತೀರಾ?" ಎಂದೆ.

ಅವರು ನರ್ಸಮ್ಮನನ್ನು ಕರೆದರು. ಆಕೆ ಮೇಜಿನ ಖಾನೆಯಿಂದ ಒಂದು ಪೆನ್ನಿನಂಥದ್ದನ್ನು ತೆಗೆದು ಮುಚ್ಚಳ ಬಿಚ್ಚಿ ಹಿಡಿದಳು. ತುದಿಯಲ್ಲಿ ಸೂಜಿ ಇದೆ ಎಂದು ಆಕೆ ಹೇಳಿದ ಮೇಲೆ, ಬೆಳಕಿನ ಕಡೆ ತಿರುಗಿಸಿ ನೋಡಿದಾಗಲೇ ಕಂಡಿತು.

"ಇಷ್ಟೇನಾ?" ಎಂದೆ.

"ಇಷ್ಟೇ ಆಂಟಿ. ಸೊಳ್ಳೆ ಕಚ್ಚಿದಂಗಾಗತ್ತೆ," ಎಂದು ಆಕೆ ನಕ್ಕಳು.

ಅದನ್ನು ಕೈಗೆ ತೆಗೆದುಕೊಂಡು ಒಂದು ನಿಮಿಷ ಹಿಡಿದುಕೊಂಡೆ. ತೂಕವೇ ಇರಲಿಲ್ಲ. ವಾಪಸ್ ಕೊಟ್ಟು, ಇಬ್ಬರಿಗೂ ಕೈ ಮುಗಿದು, ಆಟೋ ಹಿಡಿಯದೆ ಮನೆಯ ಕಡೆ ನಡೆದೆ.