ಬಾಯೊಳಗಿನ ಅಡಿಕೆ ಮತ್ತು ದೇವದುರ್ಗದ ಸುರಂಗ

ನಮ್ಮ ಅಕ್ಕನಿಗೆ ಬಂದ ಎರಡು ಸಂಬಂಧಗಳು ಮುರಿದದ್ದು ನನ್ನ ಬಾಯಿಯಿಂದ ಎಂದು ಮಾನ್ವಿಯ ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಆ ತೀರ್ಮಾನವನ್ನು ನಾನು ಈಗಲೂ ಒಪ್ಪುವುದಿಲ್ಲ. ಮೊದಲನೆಯ ಗಂಡಿನ ಕಾಕಾ ಶಕುನದ ಬಗ್ಗೆ ಏನೋ ಹೇಳಿದರು, ನಾನು ಒಂದು ಸಾದಾ ಪ್ರಶ್ನೆ ಕೇಳಿದೆ, ಅವರು ಎದ್ದು ಹೋದರು. ಉತ್ತರ ಗೊತ್ತಿಲ್ಲದವರು ಎದ್ದು ಹೋದರೆ ಅದು ಪ್ರಶ್ನೆಯ ತಪ್ಪೇ? ಎರಡನೆಯ ಗಂಡಿನವರು ಎದ್ದು ಹೋಗುವ ಮೊದಲು ಉಪ್ಪಿಟ್ಟನ್ನಾದರೂ ಮುಗಿಸಿದರು.

ಆಗ ನಾನು ರಾಯಚೂರಿನಲ್ಲಿ ಓದುತ್ತಿದ್ದೆ. ಪಾಠ ಉರ್ದುವಿನಲ್ಲಿ, ಚರ್ಚಾಕೂಟವೂ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ನಮ್ಮ ಮಾಸ್ತರರು ಒಂದೇ ವಿಷಯದ ಮೇಲೆ ಇವತ್ತು ಪರವಾಗಿ, ನಾಳೆ ವಿರುದ್ಧವಾಗಿ ಮಾತಾಡಿಸುತ್ತಿದ್ದರು. ಸಂಜೆ ನಾನು ಕೋಟೆಗೆ ಹೋಗಿ ಅಲ್ಲಿನ ಉದ್ದನೆಯ ಕಲ್ಲಿನ ಮುಂದೆ ವಾದ ಅಭ್ಯಾಸ ಮಾಡುತ್ತಿದ್ದೆ. ಏಳು ಆಳು ಸಾಲಾಗಿ ಮಲಗುವಷ್ಟು ಉದ್ದದ ಒಂದೇ ಕಲ್ಲು ಅದು. ದೇವತೆಗಳು ರಾತ್ರೋರಾತ್ರಿ ಹೊತ್ತು ತಂದದ್ದೆಂದು ಊರೆಲ್ಲ ಹೇಳುತ್ತದೆ. ಆದರೆ ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ದನ ಕಟ್ಟಿ ಎಳೆಸುವ ಚಿತ್ರವನ್ನು ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ದೇವತೆಗಳಿಗೆ ಗಾಡಿ ಯಾಕೆ? ಇದನ್ನು ನಾನು ಎಷ್ಟೋ ಜನರಿಗೆ ಬೆರಳು ಮಾಡಿ ತೋರಿಸಿದ್ದೇನೆ. ಅವರು ಚಿತ್ರ ನೋಡಿ, "ದೇವತೆಗಳು ಗಾಡೀನೂ ತಂದಿದ್ರು ನೋಡ್ರಿ" ಎಂದು ಕೈಮುಗಿದು ಹೋಗಿದ್ದಾರೆ.

ಹೀಗಿರುವಾಗ ಅಕ್ಕನಿಗೆ ದೇವದುರ್ಗದ ಸಂಬಂಧ ಬಂತು. ಗಂಡಿನ ಅಪ್ಪ ಹತ್ತಿ ಸಾವ್ಕಾರರು. ಗಂಡಿನ ಮನೆ ನೋಡಿ ಬರಲು ಹೆಣ್ಣಿನ ಕಡೆಯ ಗಂಡಸರು ಹೋಗಬೇಕು. ಅಪ್ಪ ಸೊಂಟ ಹಿಡಿದು ಮಲಗಿದ್ದ. ಉಳಿದವರು ಸೋದರಮಾವ ಮತ್ತು ನಾನು. ಮಾವ ರಾಯಚೂರಿಗೆ ಬಂದವನೇ ನನ್ನನ್ನು ಎದುರಿಗೆ ಕೂಡಿಸಿಕೊಂಡ.

"ನೋಡಲೇ, ಆ ಸಾವ್ಕಾರಗ ಹಳೇ ಕಲ್ಲಿನ ಹುಚ್ಚು. ಮನಿ ತೋರಸಾಕಿಂತ ಮೊದಲು ಊರ ಕೋಟಿ-ಬುರುಜು ತೋರಸ್ತಾನ. ಏನು ಹೇಳಿದ್ರೂ ಹೌದ್ರೀ ಅನ್ನು."

"ಸುಳ್ಳು ಹೇಳಿದ್ರ?"

"ಸುಳ್ಳಿಗೆ ಎರಡು ಸಲ ಹೌದ್ರೀ ಅನ್ನು."

"ನನ್ನ ಕೈಲೆ ಆಗಂಗಿಲ್ಲ ಮಾವಾ."

"ಗೊತ್ತದ" ಎಂದು ಮಾವ ಅಂಗಿಯ ಕಿಸೆಯಿಂದ ಒಂದು ಇಡೀ ಅಡಿಕೆ ತೆಗೆದ. ನಿಂಬೆಕಾಯಿಗಿಂತ ತುಸು ಸಣ್ಣದು, ಕಲ್ಲಿನಂಥದು. "ವಾದ ಬಂದ ಕೂಡಲೇ ಇದನ್ನ ಬಾಯಾಗ ಹಾಕ್ಕೋ. ಮತ್ತ ನಿಮ್ಮಕ್ಕ ಹೇಳಿ ಕಳಿಸ್ಯಾಳ. ಈ ಸಲಾನೂ ಮುರದ್ರ, ಸಾಯೋತನಕ ನಿನ್ನ ಮನ್ಯಾಗ ಇದ್ದು ದಿನಾ ನಿನ್ನ ಕೂಡ ವಾದ ಮಾಡ್ತಾಳಂತ."

ಈ ಬೆದರಿಕೆಗೆ ನಾನು ನಿಜವಾಗಿ ಹೆದರಿದೆ. ನನ್ನನ್ನು ವಾದದಲ್ಲಿ ಸೋಲಿಸಿದ ಒಬ್ಬಳೇ ಒಬ್ಬಳು ಅಕ್ಕ. ಅಡಿಕೆ ಇಸಿದುಕೊಂಡೆ.

ಯುದ್ಧದ ಕಾಲ, ಪೆಟ್ರೋಲು ಇಲ್ಲ, ಇದ್ದಲಿಯ ಬಸ್ಸು. ಏರು ಬಂದಲ್ಲಿ ಇಳಿದು ನೂಕುತ್ತ, ಮುಖಕ್ಕೆ ಮಸಿ ಬಳಿದುಕೊಂಡು ದೇವದುರ್ಗ ಮುಟ್ಟಿದೆವು. ಸಾವ್ಕಾರರು ಹಣೆತುಂಬ ವಿಭೂತಿ ಧರಿಸಿ, ಕೊಡೆ ಹಿಡಿದು ಕಾದಿದ್ದರು. "ಬರ್ರಿ ಬರ್ರಿ. ಮುಖ ಆಮ್ಯಾಲೆ ತೊಳಕೊಳ್ಳೂನು. ಬಿಸಿಲೇರೂದ್ರಾಗ ಕೋಟಿ ನೋಡಿ ಬರೂನು" ಎಂದರು. ಮಾವ ನನ್ನ ಕಿಸೆಯ ಕಡೆ ನೋಡಿದ.

ಮೊದಲು ಒಂದು ಬಂಡೆ. ಅದರಲ್ಲೊಂದು ತಗ್ಗು, ತಗ್ಗಿನಲ್ಲಿ ಒಂದಿಷ್ಟು ಹಸಿರು ನೀರು.

"ಭೀಮಸೇನನ ಎಡಗಾಲಿನ ಹೆಜ್ಜಿ. ಬಲಗಾಲು ಎಲ್ಲಿಟ್ಟಾನ ಹೇಳ್ರಿ ನೋಡೂನು?"

"ಎಲ್ಲ್ರೀ ಸಾವ್ಕಾರ್ರ?" ಎಂದ ಮಾವ, ಜೀವಮಾನವಿಡೀ ಇದೊಂದನ್ನೇ ತಿಳಿಯಲು ಕಾದವನ ಹಾಗೆ.

"ಮುದಗಲ್ಲಿನಾಗ!"

ಒಂದೇ ಹೆಜ್ಜೆಗೆ ದೇವದುರ್ಗದಿಂದ ಮುದಗಲ್ಲು ಮುಟ್ಟುವವನು ಹನ್ನೆರಡು ವರ್ಷ ವನವಾಸದಲ್ಲಿ ಯಾಕೆ ಅಲೆದ? ಒಂದು ದಾಪುಗಾಲಿಗೆ ಕಾಡು ಮುಗಿಯಬೇಕಿತ್ತಲ್ಲ? ಪ್ರಶ್ನೆ ಹಲ್ಲಿನವರೆಗೂ ಬಂತು. ಅಡಿಕೆ ಒಳಗೆ ಹಾಕಿದೆ.

ಆಮೇಲೆ ಅದನ್ನು ತೆಗೆಯಲು ಎಡೆಯೇ ಸಿಗಲಿಲ್ಲ. ಒಂದು ಬುರುಜನ್ನು ಹನುಮಂತ ಬಾಲದಿಂದ ಅಳೆದು ಕೊಟ್ಟಿದ್ದನಂತೆ. ಬಾವಿಯ ತಳದಲ್ಲಿ ಇನ್ನೊಂದು ಬಾವಿ ಇತ್ತಂತೆ. ಕಡೆಗೆ, ಕುಸಿದ ಗೋಡೆಯೊಂದರ ಬುಡದಲ್ಲಿ ಕತ್ತಲೆಯ ಒಂದು ಬಾಯಿ. ಸಾವ್ಕಾರರು ಕೊಡೆ ಮಡಚಿದರು. ಅವರ ಪಾಲಿಗೆ ಮುಖ್ಯ ದೇವರ ಗುಡಿ ಇದೇ ಎಂದು ನನಗೆ ತಿಳಿಯಿತು.

"ಸುರಂಗ. ಸೀದಾ ಸುರಪುರಕ್ಕ ಹೋಗ್ತದ. ನಮ್ಮ ಮುತ್ಯಾ ಇಲ್ಲಿ ಒಂದು ಆಡು ಬಿಟ್ಟಿದ್ದ. ಮೂರನೇ ದಿನಕ್ಕ ಸುರಪುರದಾಗ ಹೊರಗ ಬಂತು!"

ನಾನು ಬಗ್ಗಿ ನೋಡಿದೆ. ಒಳಗೆ ದುಂಡನೆಯ ಗೋಡೆ, ತಳದಲ್ಲಿ ಕೊಳೆತ ಹೊಟ್ಟು. ನಮ್ಮ ಕಡೆ ಜೋಳ ತುಂಬಿ ಮುಚ್ಚಿಡಲು ನೆಲದಲ್ಲಿ ತೋಡುವ ಹಗೇವು ಅದು. ಯಾವ ರೈತನ ಮಗನಾದರೂ ಹೇಳುತ್ತಾನೆ. ಅಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿದೆ. ಕಣ್ಣಲ್ಲಿ ನೀರು ಬಂತು.

"ಹುಡುಗನ ಮನಸ್ಸಿಗೆ ಭಾಳ ತಟ್ಟೇದ" ಎಂದರು ಸಾವ್ಕಾರರು, ಮೆಚ್ಚಿಕೊಂಡು.

ಮನೆಗೆ ಬಂದೆವು. ಆಗತಾನೆ ಸಾರಿಸಿದ ಪಡಸಾಲೆ, ಬಾಯೊಳಗಿನ ಅಡಿಕೆ ಉಗುಳಲು ಜಾಗವಿಲ್ಲ. ಕಂಬಕ್ಕೊರಗಿ ಕುಳಿತಿದ್ದ ಸಾವ್ಕಾರರ ತಾಯಿ ನನ್ನನ್ನು ನೋಡಿದಳು.

"ಯಾ ಊರಾಗ ಓದ್ತಿ ಮಗಾ?"

"ಉಂ" ಎಂದೆ.

"ಎಷ್ಟನೇ ಜಮಾತು?"

ತರಗತಿ ಎಷ್ಟನೆಯದೆಂದು ಬೆರಳು ಎತ್ತಿ ತೋರಿಸಿದೆ. ಮುದುಕಿ ಮಗನನ್ನು ಒಳಗೆ ಕರೆದಳು. ಅವಳ ಕಿವಿ ತುಸು ಮಂದ; ಪಿಸುಮಾತು ಓಣಿಗೆಲ್ಲ ಕೇಳಿಸಿತು: "ಹುಡುಗಿ ತಮ್ಮ ಮೂಗ ಅದಾನಲ್ಲೋ! ನಾಳೆ ಅಕಿ ಹೊಟ್ಟ್ಯಾಗ ಮೂಗ ಕೂಸು ಹುಟ್ಟಿದ್ರ? ಬ್ಯಾಡ, ಏನರ ಹೇಳಿ ಕಳಸು."

ಮಾವ ಚಹದ ಬಸಿ ಕೆಳಗಿಟ್ಟ. "ಮೂಗಲ್ರೀ ಯವ್ವಾ! ಛಲೋ ಮಾತಾಡ್ತಾನ! ಮಾತಾಡಲೇ!"

ಅಡಿಕೆಯನ್ನು ಅಂಗೈಗೆ ಉಗುಳಿ, "ಏನು ಮಾತಾಡ್ಲಿ?" ಎಂದೆ.

"ಎರಡು ಮಾತು ಗಿಳಿಗೆ ಕಲಿಸಿದಂಗ ಕಲಿಸಿ ತಂದಾರ" ಎಂದಳು ಮುದುಕಿ.

ಮಾವ ಕಣ್ಣು ಮುಚ್ಚಿದ. ಹೊಳೆಗೆ ಹಾರುವವನ ಹಾಗೆ ಉಸಿರೆಳೆದುಕೊಂಡು, "ಸುರಂಗದ ಬಗ್ಗೆ ಹೇಳು" ಎಂದ.

ನಾನು ಎದ್ದು ನಿಂತೆ. ಮುಂಜಾನೆಯಿಂದ ಒಳಗೆ ಕೂಡಿಟ್ಟದ್ದೆಲ್ಲ ಹೊರಟಿತು. "ಸುರಪುರಕ್ಕ ಹೋಗಬೇಕಂದ್ರ ನಡುವ ಕೃಷ್ಣಾ ಹೊಳಿ ಅದರೀ. ಹೊಳಿ ಬುಡಕ್ಕ ತೋಡಿದವರು ನೀರು ಎಲ್ಲಿ ಚೆಲ್ಲಿದ್ರು? ಆ ಆಡು ಕತ್ತಲಾಗ ಮೂರು ದಿನ ಏನು ಮೇಯ್ತು? ಸುರಪುರದಾಗ ಹೊರಬಂದದ್ದು ಅದೇ ಆಡು ಅಂತ ಗುರುತು ಹಿಡದವರು ಯಾರು? ಮುತ್ಯಾ ಇಲ್ಲಿದ್ದ; ಆಡು ತಾನೇ ಬಂದು ಹೇಳಿತೇನು? ಅದು ಸುರಂಗಲ್ಲರೀ, ಜೋಳದ ಹಗೇವು!" ಭೀಮನನ್ನೂ ಬಿಡಲಿಲ್ಲ. ಹನುಮಂತನ ಬಾಲಕ್ಕೆ ಬರುವ ಹೊತ್ತಿಗೆ ಮಾವ ನನ್ನ ಅಂಗಿ ಜಗ್ಗಿ ಕೂಡಿಸಿದ.

ಸಾವ್ಕಾರರ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಮೂರನೆಯದೂ ಹೋಯಿತು, ಇನ್ನು ಸಾಯುವತನಕ ಅಕ್ಕನ ಕೂಡ ವಾದ ಎಂದುಕೊಂಡೆ.

ಮುದುಕಿ ಮುಂದೆ ಸರಿದು ಕೇಳಿದಳು: "ಹುಡುಗೀನೂ ಹಿಂಗ ಮಾತಾಡ್ತಾಳೇನು?"

ಮಾವ ಇಲ್ಲ ಎಂದು ತಲೆಯಾಡಿಸತೊಡಗಿದ್ದ. ನಾನು ಹೇಳಿಬಿಟ್ಟೆ: "ಅಕಿ ಮುಂದ ನಾನು ಏನೂ ಅಲ್ಲ ಬಿಡ್ರಿ ಯವ್ವಾ."

"ಹಂಗಾದ್ರ ಬರಲಿ!" ಮುದುಕಿ ನೆಲಕ್ಕೆ ಕೈ ಬಡಿದಳು. "ಈ ಮನಿಗೆ ಬಂದಾಗಿನಿಂದ ಆ ಆಡಿನ ಕತಿ ಕೇಳಾಕತ್ತೀನಿ. ಮೊದಲು ನನ್ನ ಮಾವ, ಆಮ್ಯಾಲೆ ಗಂಡ, ಈಗ ಇಂವ. ಆ ಸುರಂಗ ಮುಚ್ಚಾಕಿ ಒಬ್ಬಾಕಿ ಬರಲಿ."

ಒಳಗೆ ಬಾಗಿಲ ಮರೆಯಲ್ಲಿದ್ದ ಗಂಡು ನಕ್ಕದ್ದು ಕೇಳಿಸಿತು. ತಾಯಿಯ ಮಾತಿಗೆ ಸಾವ್ಕಾರರು ಎದುರಾಡುವವರಲ್ಲ. ಸಕ್ಕರೆ ತರಿಸಿದರು, ಹಂಚಿದರು, ನನ್ನ ಕೈಗೆ ಮಾತ್ರ ಕಡೆಗೆ ಹಾಕಿದರು.

ಅದೇ ಬೇಸಿಗೆಯಲ್ಲಿ ಮದುವೆ. ಅಕ್ಷತೆ ಬಿದ್ದು, ಬೀಗರು ಚಪ್ಪರದಲ್ಲಿ ಎಲೆಯಡಿಕೆಗೆ ಕುಳಿತಿದ್ದಾಗ ಸಾವ್ಕಾರರ ದನಿ ಎಲ್ಲರ ಮೇಲೆ ಕೇಳಿಸಿತು.

"ನಂಬ್ತೀರೋ ಬಿಡ್ತೀರೋ! ನಮ್ಮ ಸೊಸಿ ತಮ್ಮ, ರಾಯಚೂರಾಗ ಓದಿದಾಂವ, ದೇವರ ಕೂಡ ಬೇಕಾದ್ರ ವಾದಕ್ಕ ನಿಂದರೋ ಮನಷ್ಯಾ. ಆ ಸುರಂಗದ ಮುಂದ ನಿಂತು ಬಗ್ಗಿ ನೋಡಿದ. ಬಾಯಿಂದ ಒಂದು ಮಾತು ಬರಲಿಲ್ಲರೀ! ಕಣ್ಣಾಗ ನೀರು! ಕೇಳ್ರಿ, ಇಲ್ಲೇ ಅದಾನ. ಹೌದೋ ಅಲ್ಲೋ ಹೇಳಪಾ?"

ಚಪ್ಪರವೆಲ್ಲ ನನ್ನ ಕಡೆ ತಿರುಗಿತು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಕ್ಕ ಬಾಸಿಂಗದ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು.

ನಾನು ತಾಟಿಗೆ ಕೈ ಹಾಕಿ, ಇದ್ದುದರಲ್ಲೇ ದೊಡ್ಡದೊಂದು ಅಡಿಕೆ ಆರಿಸಿಕೊಂಡೆ.