ಮೂರನೆಯ ಹಾಡಿನಲ್ಲಿ ಇಲ್ಲದ ದನಿ

ಮೂರನೆಯ ಹಾಡಿನ ಕೊನೆಯಲ್ಲಿ, ಮಗ್ಗದ ಸದ್ದು ಇಳಿಯುತ್ತ ಬರುವ ಜಾಗದಲ್ಲಿ, ಮುದುಕರೊಬ್ಬರ ದನಿ ಕೇಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೈ ಜುಮ್ಮೆಂದಿತು, ಕಣ್ಣು ತುಂಬಿ ಬಂತು ಎಂದು ಬರೆದುಕೊಳ್ಳುತ್ತಾರೆ. ನನ್ನದು ಒಂದೇ ಪ್ರಶ್ನೆ. ಏನು ಕೇಳಿಸಿತು? ಯಾವ ಸಾಲು, ಯಾವ ಶಬ್ದ, ಹೋಗಲಿ, ಯಾವ ಭಾಷೆ? ಇಲ್ಲಿಯವರೆಗೆ ಒಬ್ಬರೂ ಹೇಳಿಲ್ಲ. ಹೇಳಲಿಕ್ಕೆ ಆಗುವುದೂ ಇಲ್ಲ. ಆ ದನಿ ಅಲ್ಲಿ ಇಲ್ಲ.

ಇದನ್ನು ಮತ್ತೆ ಕೆದಕಬೇಕೆಂದು ನನಗೇನೂ ಇರಲಿಲ್ಲ. ಆದರೆ ಹೋದ ವಾರ ಕೊಲ್ಹಾಪುರದ ನನ್ನ ಕೋಣೆಗೆ ಕುರಿಯರ್‌ನಲ್ಲಿ ಒಂದು ಪೆಟ್ಟಿಗೆ ಬಂತು. ಆ ಹಾಡಿರುವ ಆಲ್ಬಮ್, ಹೊಸ ಆವೃತ್ತಿ. ಹಳೇ ಕಾಲದಂಥ ದೊಡ್ಡ ಕಪ್ಪು ತಟ್ಟೆ, ಹಾಡುಗಳ ಹಿಂದಿನ ಕಥೆಗಳೆಂಬ ಪುಸ್ತಿಕೆ, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಗೇಣು ಒರಟು ಬಟ್ಟೆ. ಚೀಲದ ಮೇಲೆ ‘ಇಚಲಕರಂಜಿಯ ಮಗ್ಗದ ವಾಸನೆ’ ಎಂದು ಅಚ್ಚು ಹಾಕಿಸಿದ್ದರು. ತೆರೆದು ಮೂಸಿದೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ... ಮಗ್ಗದ ಶೆಡ್ಡಿನ ವಾಸನೆ ಹಾಗಿರುವುದಿಲ್ಲ. ನೂಲಿಗೆ ಹಾಕಿ ಹುಳಿ ಬಂದ ಗಂಜಿ, ಕಾದ ಗ್ರೀಸು, ಗಂಟಲಿಗೆ ಇಳಿಯುವ ಹತ್ತಿಯ ಪುಡಿ, ಮೂಲೆಯಲ್ಲಿ ಉಗುಳಿದ ಎಲೆ ಅಡಿಕೆ, ಎಲ್ಲ ಸೇರಿದ್ದು ಅದು. ಯಾರೂ ಬಯಸಿ ಮೂಸುವಂಥದ್ದಲ್ಲ. ಸುಳ್ಳು ವಾಸನೆ ಮೂಗಿಗೆ ಬಡಿದದ್ದೇ ನಿಜವಾದದ್ದು ನೆನಪಾಯಿತು, ಅದರ ಬೆನ್ನಿಗೇ ನೆರೆಮನೆಯ ಜಾಬರ್ ಕಾಕಾ ನೆನಪಾದರು. ಎದ್ದು ಹೋಗಿ ಮುಖ ತೊಳೆದುಕೊಂಡೆ.

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಆ ಚಾಳಿ ಹೋಗಿಲ್ಲ. ಪುಸ್ತಿಕೆಯನ್ನು ಎದುರು ಪಕ್ಷದವರ ಭಾಷಣ ಕೇಳುವಂತೆ, ಪೆನ್ಸಿಲ್ ಹಿಡಿದು ಓದಿದೆ. ಮರಾಠಿ ಹಾಡುಗಳ ರಾಕ್ ಆಲ್ಬಮ್ ಅದು. ಯಾವ ಕಂಪನಿಯ ಹಂಗೂ ಇಲ್ಲದೆ ನಾಲ್ಕು ಜನ ಹುಡುಗರು ತಾವೇ ಕಟ್ಟಿ, ತಾವೇ ಬಿಟ್ಟದ್ದು. ಮೊದಲನೆಯ ಹಾಡನ್ನು ಪಂಚಗಂಗಾ ನದಿ ಉಕ್ಕಿದಾಗ ಮಾಳಿಗೆಯ ಮೇಲೆ ಸಿಕ್ಕಿಬಿದ್ದು ಬರೆದದ್ದಂತೆ. ಬರೆದದ್ದು ಸುಡು ಬಿಸಿಲಲ್ಲಿ, ಹೋಟೆಲಿನಲ್ಲಿ ಖಾರದ ಮಿಸಳ ತಿನ್ನುತ್ತ. ಎದುರಿಗೆ ನಾನೇ ಕೂತಿದ್ದೆ. ಐದನೆಯದು ಗಡಹಿಂಗ್ಲಜದ ದಾರಿಯಲ್ಲಿ ನಡೆದ ಒಂದು ಅಗಲಿಕೆಯ ಹಾಡಂತೆ. ಆ ದಾರಿಯಲ್ಲಿ ಇವರ ಬೈಕ್ ಪಂಕ್ಚರ್ ಆಗಿತ್ತು. ಅಗಲಿದ್ದು ಟೈರಿನಿಂದ ಟ್ಯೂಬು. ಇಂಥ ಸುಳ್ಳುಗಳಿಗೆ ನಾನು ನಗುತ್ತೇನೆ. ಹಾಡು ಕಟ್ಟುವವರು ಕಥೆಯನ್ನೂ ಕಟ್ಟುತ್ತಾರೆ, ಕಟ್ಟಲಿ. ಮೂರನೆಯ ಹಾಡಿಗೆ ಮಾತ್ರ ನನಗೆ ನಗು ಬರಲಿಲ್ಲ.

ಜಾಬರ್ ಕಾಕಾ ಇಚಲಕರಂಜಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ನೆರೆಮನೆಯವರು. ಮಗ್ಗ ಕೆಟ್ಟರೆ ರಿಪೇರಿ ಮಾಡುವವರಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ಗಡಹಿಂಗ್ಲಜದ ಕಡೆಯ ಒಂದು ಹಳ್ಳಿಯಿಂದ ಹುಡುಗರಾಗಿದ್ದಾಗಲೇ ಬಂದವರು. ಮಗ್ಗಗಳ ನಡುವೆಯೇ ಕಿವಿ ಹೋಯಿತು. ಕೆಟ್ಟ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಏನು ಸಡಿಲಾಗಿದೆ ಎಂದು ಹೇಳುತ್ತಿದ್ದರು. ಜನರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದರು. ಶೆಡ್ಡಿನಲ್ಲಿ ದುಡಿದವರಿಗೆಲ್ಲ ಅದು ಅಷ್ಟಿಷ್ಟು ಬರುತ್ತದೆ. ಕಾಕಾರಿಗೆ ಶೆಡ್ಡಿನ ಆ ತುದಿಯಲ್ಲಿ ನಿಂತವನ ಬೈಗುಳ ಈ ತುದಿಯಿಂದ ಗೊತ್ತಾಗುತ್ತಿತ್ತು.

“ಕಿವಿ ಮಗ್ಗಕ್ಕ ಕೊಟ್ಟೇನಿ, ಕೈ ಇನ್ನೂ ನನ್ನ ಹತ್ರ ಐತಿ,” ಎನ್ನುತ್ತಿದ್ದರು. ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಿದ್ದರು. “ನೀ ಎಷ್ಟರೆ ವಾದ ಮಾಡವ್ವಾ, ನನ್ನ ಮುಂದ ಸೋಲಾಕ ಬೇಕು. ನಾ ಈ ಕಡೆ ಮಾರಿ ತಿರುವಿದ್ರ ನಿನ್ನ ಕೇಸ್ ಖಲಾಸ್!”

ಅವರಿಗೆ ಒಂದೇ ಹಂಬಲವಿತ್ತು, ಹಾಡುವುದು. ಸೋಮವಾರದ ಭಜನಾ ಮಂಡಳಿಯಲ್ಲಿ ವರ್ಷಗಟ್ಟಲೆ ತಾಳ ಹಿಡಿದವರು. ಕಿವಿ ಮಂದವಾಗುತ್ತ ಹೋದಂತೆ ಮಂಡಳಿಯವರು ಮೊದಲು ತಾಳ ಇಸಿದುಕೊಂಡರು. ಆಮೇಲೆ ಒಂದು ದಿನ, “ಕಾಕಾ, ನೀವು ಮನಸಿನ್ಯಾಗ ಹಾಡ್ರಿ, ದೇವರಿಗೆ ಮುಟ್ಟತೈತಿ,” ಎಂದರು. ಅದನ್ನು ಕಾಕಾ ನನಗೆ ನಗುತ್ತಲೇ ಹೇಳಿದ್ದರು. “ದೇವರಿಗೆ ಮುಟ್ಟೂದು ಇವರಿಗ್ಯಾಕ ಮುಟ್ಟವಲ್ದು, ಕೇಳು ವಕೀಲಬಾಯಿ!” ನಗುತ್ತಿದ್ದವರು ಎಲೆಗೆ ಎರಡು ಸಲ ಸುಣ್ಣ ಹಚ್ಚಿದರು...

ಬ್ಯಾಂಡಿನವರನ್ನು ಕಾಕಾ ದುಡಿಯುವ ಶೆಡ್ಡಿಗೆ ಕರೆದುಕೊಂಡು ಹೋದವಳು ನಾನೇ. ಬ್ಯಾಂಡಿನ ಗಾಯಕ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ. ಚರ್ಚೆಯಲ್ಲಿ ನನ್ನ ಜೋಡಿ. ದಾದಾ ಎನ್ನುತ್ತಿದ್ದೆ. ಶಿರೋಳದ ಕಡೆಯವನು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ನನ್ನ ಹಾಗೆಯೇ. ಬ್ಯಾಂಡಿನವರಿಗೆ ಒಂದು ಹಾಡಿಗಾಗಿ ನಿಜವಾದ ಮಗ್ಗದ ಸದ್ದು ಬೇಕಿತ್ತು.

ಕಾಕಾ ಹೊಟ್ಟೆ ಹಿಡಿದು ನಕ್ಕರು. “ಇದರ ಆವಾಜ್ ಮರೀಲಿಕ್ಕೆ ನಾವು ಹಾಡತಿದ್ವಿ. ನೀವು ಹಾಡಿನ್ಯಾಗ ಇದನ್ನ ತುರುಕತೀರಲ್ಲೋ!” ನಗು ನಿಲ್ಲಿಸಿ ಶರತ್ತು ಹಾಕಿದರು. “ಬೇಕಾದಷ್ಟೊತ್ತು ಮಗ್ಗ ಓಡಸ್ತೇನಿ. ಆದ್ರ ನಂದೊಂದು ಭಜನಿ ಪದ ಹಾಕಬೇಕು. ಆ ಮಂಡಳಿಯವರಿಗೆ ನಾ ಕೇಳಸಬೇಕು.”

“ಶಬ್ದ ದಿಲಾ, ಕಾಕಾ!” ಎಂದು ಗಾಯಕ ಕಾಕಾರ ಕೈ ಕುಲುಕಿದ. ಮಾತು ಕೊಟ್ಟೆ ಎಂದು ಎರಡೂ ಭಾಷೆಯಲ್ಲಿ ಹೇಳಿದ.

ಮಗ್ಗದ ಸದ್ದು ಹಿಡಿದದ್ದಾಯಿತು. ಆಮೇಲೆ ಎಲ್ಲ ಮಗ್ಗ ಬಂದ್ ಮಾಡಿ, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಕಾಕಾ ತಮ್ಮ ಹಳ್ಳಿಯ ಒಂದು ಭಜನೆಪದ ಹಾಡಿದರು. ಅದ್ಭುತವಾಗಿತ್ತು ಎಂದು ಬರೆದರೆ ನಾನೂ ಆ ಪುಸ್ತಿಕೆ ಬರೆದವರ ಸಾಲಿಗೆ ಸೇರುತ್ತೇನೆ. ಚೆನ್ನಾಗಿರಲಿಲ್ಲ. ಸ್ವರ ಎಲ್ಲೋ, ದನಿ ಎಲ್ಲೋ. ಒಂದು ಕಡೆ ಒಡೆದು, ಮತ್ತೆ ಏರಿ, ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. ಆದರೆ ಶೆಡ್ಡಿನ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಕಾಕೂ, ಅವರ ಹೆಂಡತಿ, ಚಹಾ ಮರೆತಿದ್ದರು. ಅವರ ತುಟಿಗಳೂ ಆ ಪದದ ಜೊತೆ ಆಡುತ್ತಿದ್ದವು.

ತಿಂಗಳ ನಂತರ ಕೊಲ್ಹಾಪುರದಲ್ಲಿ ಹಾಡುಗಳನ್ನು ಕೂಡಿಸುವಾಗ ಗಾಯಕ ನನ್ನನ್ನು ಕರೆಸಿದ. “ಕಾಕಾರ ಪದ ಸುರಕ್ಕ ಕೂಡವಲ್ದು. ಏನ ಮಾಡಿದ್ರೂ ಕೂಡವಲ್ದು. ತಗೀಬೇಕಾಗತೈತಿ. ಕಾಕಾರಿಗೆ ನೀನ ಹೇಳು, ನಿನಗ ಮಾತಾಡಾಕ ಬರ್ತೈತಿ.”

ನಾನು ವಾದಿಸಿದೆ. ಕೊಟ್ಟ ಮಾತಿನ ವಿಷಯ ಎತ್ತಿದೆ, ಸ್ವರ ತಪ್ಪಿದ ಕಾರಣಕ್ಕೇ ಆ ದನಿ ಬೇಕು ಎಂದೆ. ಆತ ತಲೆ ಕೆರೆದುಕೊಂಡ. ಇನ್ನೊಂದು ತಳ್ಳು ತಳ್ಳಿದ್ದರೆ ಗೆಲ್ಲುತ್ತಿದ್ದೆ, ಅದು ನನಗೆ ಗೊತ್ತಾಗುತ್ತದೆ. ತಳ್ಳಲಿಲ್ಲ. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರು ಹಾಕುತ್ತೇವೆ ಎಂದಿದ್ದರು. ಹೆಸರು ಅಚ್ಚಾಗಿದೆ, ಕೊನೆಯ ಪುಟದಲ್ಲಿ, ಕೆಳಗಿನಿಂದ ಎರಡನೆಯದು. ಇತರರನ್ನು ಕಂಡು ಹೇಸುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳುತ್ತೇನೆ.

ಆಲ್ಬಮ್ ಸಿದ್ಧವಾದ ಮೇಲೆ, ನಿಜ ಹೇಳಬೇಕೆಂದೇ ಒಂದು ಮಧ್ಯಾಹ್ನ ಕಾಕಾರ ಮನೆಗೆ ಹೋದೆ. ಬಾಗಿಲಲ್ಲೇ ಅವರು, “ಮಂಡಳಿಯವರಿಗೆಲ್ಲ ಹೇಳಿಬಿಟ್ಟೇನಿ. ಯಾವ ಹಾಡಿನ್ಯಾಗ ಐತಿ ನಂದು?” ಎಂದರು. ಎದುರಿನವರು ಪ್ರಶ್ನೆ ಎಸೆದರೆ ತಡವರಿಸಬಾರದು ಎಂದು ನನಗೆ ಕಲಿಸಿದ್ದಾರೆ. ತಡವರಿಸಲಿಲ್ಲ.

“ಮೂರನೇದರಾಗ್ರಿ, ಕಾಕಾ. ಕೊನೀಗೆ.”

ನಾನು ತಂದಿದ್ದ ಸಣ್ಣ ಸ್ಪೀಕರ್ ಹಚ್ಚಿದೆ. ಅವರು ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಕೊನೆಯಲ್ಲಿ ಮಗ್ಗದ ಗುದ್ದು ಹಗುರಾಗುತ್ತ ಬಂದಾಗ ಅವರ ಮುಖ ಅರಳಿತು. “ಹಾಂ... ಬಂತು ನೋಡು. ಇದು ನಂದು.” ಒಳಗೆ ಕಾಕೂ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತಿತು. ಕಾಕೂರ ಕಿವಿಗೆ ಏನೂ ಆಗಿರಲಿಲ್ಲ. ನನ್ನ ಕಡೆ ನೋಡಿದರು. ಮತ್ತೆ ರೊಟ್ಟಿ ಬಡಿಯತೊಡಗಿದರು.

ಮುಂದಿನ ಸೋಮವಾರ ಕಾಕಾ ಸ್ಪೀಕರನ್ನು ಮಂಡಳಿಗೆ ಒಯ್ದರು. ಹಾಡು ಹಚ್ಚಲಿಕ್ಕೆ ನಾನು ಜೊತೆಗೆ. ಮೂರನೆಯದು ಮುಗಿಯಿತು. ಹಾರ್ಮೋನಿಯಂ ಪೇಟಿ ಬಾರಿಸುವವನು ಪಕ್ಕದವನ ಕಡೆ ವಾಲಿ ಮೆಲ್ಲಗೆ, “ಎಲ್ಲೈತಿ ಇವನ ದನಿ? ಬರೇ ಮಗ್ಗ,” ಎಂದ. ಪಕ್ಕದವನು, “ಹೂಂ ಅನ್ನು, ಪಾಪ,” ಎಂದ. ಆಮೇಲೆ ಇಬ್ಬರೂ ಕಾಕಾರ ಕಡೆ ತಿರುಗಿ, ಬಾಯಿ ದೊಡ್ಡದು ಮಾಡಿ, “ಭಾಳ ಚಂದ ಹಾಡೀರಿ ಕಾಕಾ!” ಎಂದು ಕೂಗಿದರು.

ಮಗ್ಗದ ಶೆಡ್ಡಿನಲ್ಲಿ ಮುದುಕರಾದವರ ಎದುರು ಪಿಸುಗುಟ್ಟುವುದು! ಅವರಿಗೆ ಪಿಸುಮಾತೂ ಒಂದೇ, ಕೂಗೂ ಒಂದೇ. ಎರಡೂ ತುಟಿಯ ಮೇಲಿರುತ್ತವೆ. ಕಾಕಾರ ಕಣ್ಣು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಹೋದದ್ದನ್ನು ನಾನು ನೋಡಿದೆ. ಅಂಗೈಯನ್ನು ಸ್ಪೀಕರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಮನೆಗೆ ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ನಿಂತು ಕೇಳಿದರು. “ವಕೀಲಬಾಯಿ, ನೀ ಎಣಸೂದ್ರಾಗ ತಪ್ಪಿದಿ ಏನು? ನಾಲ್ಕನೇದರಾಗ ಇರಬಹುದೇನು?”

ನನ್ನನ್ನು ಪಾರು ಮಾಡಲಿಕ್ಕೆ ಅವರು ಒಂದು ದಾರಿ ಬಿಟ್ಟುಕೊಟ್ಟಿದ್ದರು. ನಿಜ ಹೇಳಲಿಕ್ಕೂ ಅದೇ ಕೊನೆಯ ಅವಕಾಶ. “ನೋಡ್ತೇನ್ರಿ,” ಎಂದೆ. ಅದನ್ನೂ ಮುಖ ಆ ಕಡೆ ತಿರುಗಿಸಿಕೊಂಡು. ಕಿವಿ ಕೇಳದ ಮನುಷ್ಯರೊಬ್ಬರು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಾಗ ನಾನು ಗೋಡೆಗೆ ಉತ್ತರ ಕೊಟ್ಟೆ.

ಆಮೇಲೆ ಅವರು ಸೋಮವಾರ ಹೊರಗೆ ಹೋಗಲಿಲ್ಲ. ನನ್ನನ್ನು ಬೈಯಲಿಲ್ಲ, ವಕೀಲಬಾಯಿ ಎನ್ನುವುದನ್ನೂ ಬಿಡಲಿಲ್ಲ. ಹಾಡಿನ ಮಾತು ಮಾತ್ರ ಎತ್ತಲಿಲ್ಲ. ಹೋದ ವರ್ಷ ಎದೆಯ ಬೇನೆಯಲ್ಲಿ, ಹತ್ತಿಯ ಪುಡಿಯ ಕೆಮ್ಮು ಕೆಮ್ಮುತ್ತಲೇ, ತೀರಿಕೊಂಡರು...

ಈಗ ಪುಸ್ತಿಕೆ ಹೇಳುತ್ತದೆ: ‘ಮೂರನೆಯ ಹಾಡಿನ ಕೊನೆಯಲ್ಲಿ ಕಿವಿಗೊಟ್ಟು ಕೇಳಿ. ಕಿವಿ ಕಳೆದುಕೊಂಡ ಒಬ್ಬ ಜಾಬರ್ ತಮ್ಮ ಕೊನೆಯ ಪದವನ್ನು ನಮಗೆ ಉಡುಗೊರೆಯಾಗಿ ಕೊಟ್ಟಿದ್ದಾರೆ.’ ಈ ವಾಕ್ಯದ ಮೂಲ ನನಗೆ ಗೊತ್ತು. ಕಾಕಾರಿಗೆ ಸುಳ್ಳು ಹೇಳಿಬಂದ ಮರುದಿನ ನಾನೇ ಕ್ಯಾಂಟೀನಿನಲ್ಲಿ ಗಾಯಕನಿಗೆ ಹೇಳಿದ್ದೆ, ಮೂರನೇದರಾಗ ಐತಿ ಅಂತ ಹೇಳಿ ಬಂದೇನಿ ಎಂದು. ಆತ ನಿಟ್ಟುಸಿರು ಬಿಟ್ಟು, “ಚಲೋ ಮಾಡಿದಿ,” ಎಂದಿದ್ದ. ನಾನು ಹೇಡಿತನದಿಂದ ಒಬ್ಬರಿಗೆ ಹೇಳಿದ ಸುಳ್ಳನ್ನು ಆತ ಜೋಪಾನ ಮಾಡಿಟ್ಟು, ಅವರು ಸತ್ತ ಮೇಲೆ ಊರಿಗೆಲ್ಲ ಮಾರುತ್ತಿದ್ದಾನೆ. ಸ್ವರ ತಪ್ಪಿದ ಕಾಕಾ ಬೇಡವಾಗಿದ್ದರು, ಸತ್ತ ಕಾಕಾ ಬೇಕು. ಪೇಟಿ ಬಾರಿಸುವವನೂ ಈಗ ಅದೇ ಹಾಡನ್ನು ಎಲ್ಲರ ಫೋನಿಗೆ ಕಳಿಸುತ್ತಾನೆ. ‘ನಮ್ಮ ಮಂಡಳಿಯ ಹಿರಿಯರು’ ಎಂದು ಬರೆದು, ಕೆಳಗೆ ಕೈಮುಗಿದ ಚಿತ್ರ ಹಾಕಿ. ಥೂ.

ಭಾನುವಾರ ಇಚಲಕರಂಜಿಗೆ ಹೋದೆ. ಪುಸ್ತಿಕೆಯನ್ನು ಕಾಕೂಗೆ ಓದಿ ಹೇಳಬೇಕು, ಹೇಳಿ ಕ್ಷಮೆ ಕೇಳಬೇಕು ಎಂದಿತ್ತು. ಮೂರು ಸಾಲು ಓದುವಷ್ಟರಲ್ಲಿ ತಡೆದರು.

“ಇದರಾಗ ಇಲ್ಲ, ಅದು ನನಗ ಆವತ್ತ ಗೊತ್ತೈತಿ. ಅವರಿಗೂ ಗೊತ್ತಾತು. ‘ಹುಡುಗಿಗೆ ಏನೂ ಅನಬ್ಯಾಡ’ ಅಂದಿದ್ರು.” ಪುಸ್ತಿಕೆಯನ್ನು ಬದಿಗೆ ಸರಿಸಿ ಕೇಳಿದರು. “ಅದಿರಲಿ. ಶೆಡ್ಡಿನ್ಯಾಗ ಹಾಡಿದ್ದು ಹಿಡಕೊಂಡು ಹೋಗಿದ್ರಲ್ಲ, ಅದೆಲ್ಲೈತಿ? ಫೋಟೋ ಅದಾವ ಮನ್ಯಾಗ. ದನಿ ಇಲ್ಲ.”

“ಸ್ವರ ತಪ್ಪಿತ್ರಿ, ಕಾಕೂ...” ಎಂದೆ. ಯಾಕೆ ಹಾಗೆಂದೆನೋ.

“ತಪ್ಪಿದ್ರ ತಪ್ಪವಲ್ದ್ಯಾಕ. ಅವರು ಯಾವಾಗ ಸರಿ ಹಾಡಿದ್ರು! ನಾ ಏನ್ ಕಚೇರಿ ಕೇಳಾಕ ಹೊಂಟೇನೇನು?”

ಶೆಡ್ಡಿನಲ್ಲಿ ಹಿಡಿದ ಆ ದನಿ ಇದೆಯೇ ಎಂದು ಹಿಂದಿರುಗುವ ಬಸ್ಸಿನಲ್ಲೇ ಗಾಯಕನಿಗೆ ಬರೆದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮರುದಿನ ಮತ್ತೆ ಬರೆದೆ. ಪೆಟ್ಟಿಗೆಯ ಬಗ್ಗೆ ಅಲ್ಲ, ಪುಸ್ತಿಕೆಯ ಬಗ್ಗೆ ಅಲ್ಲ, ಆ ಸುಳ್ಳಿನಲ್ಲಿ ನಿನ್ನಷ್ಟೇ ಪಾಲು ನನ್ನದೂ ಇದೆ ಎಂದೂ ಬರೆದೆ. ಅದಕ್ಕೂ ಉತ್ತರವಿಲ್ಲ. ನಿನ್ನೆ ಆತ ಎಲ್ಲೋ ಸಂದರ್ಶನದಲ್ಲಿ ಕೂತು ಮೂರನೆಯ ಹಾಡಿನ ಕಥೆ ಹೇಳುತ್ತಿದ್ದ, ಗಂಟಲು ಕಟ್ಟಿ ಬಂದವನಂತೆ ನಡುವೆ ನಿಲ್ಲಿಸಿ ನೀರು ಕುಡಿಯುತ್ತಿದ್ದ.

ಅದಕ್ಕೇ ಇಲ್ಲಿ, ಎಲ್ಲರೆದುರು, ಅದೊಂದನ್ನೇ ಕೇಳುತ್ತೇನೆ. ವಾದಕ್ಕಲ್ಲ. ಇದೆ ಅಥವಾ ಇಲ್ಲ, ಅಷ್ಟು ಹೇಳಿದರೆ ಸಾಕು, ಕಾಕೂಗೆ ಹೋಗಿ ತಿಳಿಸುತ್ತೇನೆ, ಈ ಸಲ ಮುಖ ತಿರುಗಿಸದೆ.

ದಾದಾ, ಕಾಕಾ ಹಾಡಿದ ಆ ಪದ ಇಟ್ಕೊಂಡಿಯೋ, ಅಳಿಸಿಬಿಟ್ಟಿಯೋ?